ಮುರಿದ ಪ್ಲೇಟು, ಹದವಾದ ಕತ್ತಿ

(ಕೊಡಗಿನ ಗೋಣಿಕೊಪ್ಪಲಿನಲ್ಲಿ ಕಾಫಿ ಬೆಳೆಗಾರರು, ಗ್ಯಾರೇಜ್ ಕೆಲಸದವರು, ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ವಸ್ತುಗಳಿವೆ. ಒಂದು, ಜೀಪಿನ ಕಮಾನ್ ಪಟ್ಟಿಯ ಮುರಿದ ತುಂಡು. ಗ್ಯಾರೇಜಿನ ಮಾತಿನಲ್ಲಿ ಹೇಳುವುದಾದರೆ ಕಟ್ಟಾದ ಪ್ಲೇಟು. ಇನ್ನೊಂದು, ತೋಟದಲ್ಲಿ ದಿನವೂ ಕೈಗೆ ಬರುವ ಕತ್ತಿ. ಈ ಕತ್ತಿ ಆದದ್ದೂ ಇಂಥದೇ ಹಳೆಯ ಪ್ಲೇಟಿನಿಂದ. ಕುಲುಮೆಯವರು ಗುಜರಿಯಿಂದ ಜೀಪು, ಲಾರಿಗಳ ಪ್ಲೇಟನ್ನು ಹುಡುಕಿ ತರುವುದು ನಿಮಗೆ ಗೊತ್ತೇ ಇದೆ. ಲೋಹ ಒಂದೇ. ಆದರೆ ಪ್ಲೇಟು ಲಕ್ಷಾಂತರ ಸಲ ಬಾಗಿ ಮತ್ತೆ ಮೊದಲಿನಂತಾಗಬೇಕು. ಕತ್ತಿ ಬಾಯಿ ಮಡಚಿಕೊಳ್ಳದೆ, ಬಾಯಿ ಚಕ್ಕೆ ಏಳದೆ ಮರ ಕಡಿಯಬೇಕು. ಒಂದೇ ಉಕ್ಕು ಇಷ್ಟು ಬೇರೆ ಬೇರೆ ಕೆಲಸಕ್ಕೆ ಒದಗುವುದು ಅದಕ್ಕೆ ಕೊಟ್ಟ ಹದದಿಂದ.

ಗಡಸಾಗಿದ್ದರೆ ಗಟ್ಟಿ ಎಂದು ನಾವೆಲ್ಲ ನಂಬಿದ್ದೇವೆ. ತೋಟದಲ್ಲಿ, ಗ್ಯಾರೇಜಿನಲ್ಲಿ ಆಗುವ ಎಷ್ಟೋ ಅವಘಡಗಳ ಬೇರು ಈ ನಂಬಿಕೆಯಲ್ಲಿದೆ. ಗಡಸುತನ ಬೇರೆ, ಬಿರುಕು ತಾಳುವ ಗುಣ ಬೇರೆ. ಸಾಮಾನ್ಯವಾಗಿ ಒಂದನ್ನು ಹೆಚ್ಚಿಸಹೊರಟರೆ ಇನ್ನೊಂದು ಕಡಿಮೆಯಾಗುತ್ತದೆ. ಇವತ್ತು ಹೇಳಬೇಕೆಂದುಕೊಂಡಿರುವುದು ಇದೊಂದನ್ನೇ.

ಮೊದಲು ಮುರಿದ ಪ್ಲೇಟನ್ನು ಹತ್ತಿರದಿಂದ ನೋಡೋಣ. ಮುಂದಿನ ಸಾಲಿನವರು ಕೈಗೆ ತೆಗೆದುಕೊಂಡು ಹಿಂದಕ್ಕೆ ದಾಟಿಸಿ. ಮುರಿದ ಮುಖದಲ್ಲಿ ಎರಡು ಬಗೆಯ ಜಾಗಗಳಿವೆ. ಪ್ಲೇಟುಗಳನ್ನು ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟಿನ ತೂತಿನ ಪಕ್ಕದ ಭಾಗ ನುಣುಪಾಗಿದೆ, ಕಪ್ಪು ತಿರುಗಿದೆ, ತುಸು ತುಕ್ಕೂ ಹಿಡಿದಿದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಅದರ ಮೇಲೆ ಬಾಗಿದ ಸಣ್ಣ ಗೆರೆಗಳು ಕಾಣುತ್ತವೆ. ಒಂದರ ಆಚೆ ಒಂದು, ಎಲ್ಲವೂ ತೂತಿನ ಅಂಚಿನ ಒಂದೇ ಬಿಂದುವನ್ನು ಸುತ್ತುವರಿದಿವೆ. ಉಳಿದ ಭಾಗ ಒರಟು, ಹರಳು ಹರಳು, ಬೆಳ್ಳಗೆ ಹೊಳೆಯುತ್ತದೆ. ನುಣುಪಾದ ಭಾಗ ತಿಂಗಳುಗಟ್ಟಲೆ ತೆಗೆದುಕೊಂಡು ಮೆಲ್ಲಗೆ ಬಿರುಕು ಬಿಟ್ಟದ್ದು. ಒರಟು ಭಾಗ ಕೊನೆಯ ಒಂದು ಕ್ಷಣದಲ್ಲಿ ಹರಿದದ್ದು. ಆ ಗೆರೆಗಳು ಕೂಡುವ ಬಿಂದುವೇ ಬಿರುಕು ಹುಟ್ಟಿದ ಜಾಗ.

ಮಾಂದಲಪಟ್ಟಿ ರಸ್ತೆಯಲ್ಲಿ ಪ್ಲೇಟು ಕಟ್ಟಾದರೆ ಆ ದಿನ ಜೀಪು ಓಡಿಸಿದ ಹುಡುಗನ ಮೇಲೆ ಎಲ್ಲರೂ ರೇಗುತ್ತಾರೆ. ಈ ಮುಖವನ್ನು ಓದಿದರೆ ಬೇರೆ ಕತೆ ಸಿಗುತ್ತದೆ. ಪ್ಲೇಟುಗಳ ಕಟ್ಟನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟ್ ಸಡಿಲವಾಗಿತ್ತು. ಬಿಗಿಯಾಗಿ ಹಿಡಿದಿರಬೇಕಾದ ನಡುಭಾಗ ಪ್ರತಿ ಗುಂಡಿಯಲ್ಲೂ ಬಾಗತೊಡಗಿತು. ತೂತಿನ ಅಂಚಿನಲ್ಲಿ ಬಿರುಕು ಹುಟ್ಟಿ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮುಂದಕ್ಕೆ ಹೋಯಿತು. ಕೊನೆಯ ದಿನದ ಗುಂಡಿ ಆಗಲೇ ಅರ್ಧ ಕಡಿದುಹೋಗಿದ್ದ ಪ್ಲೇಟನ್ನು ಪೂರ್ತಿ ಕಡಿಯಿತು, ಅಷ್ಟೆ. ಮುರಿದ ವಸ್ತುವನ್ನು ಗುಜರಿಗೆ ಎಸೆಯುವ ಮುನ್ನ ಅದರ ಮುಖವನ್ನು ಒಮ್ಮೆ ನೋಡಿ. ಎರಡು ಮುಖಗಳನ್ನು ಮತ್ತೆ ಕೂಡಿಸಿ ಉಜ್ಜಬೇಡಿ, ಗೆರೆಗಳು ಅಳಿಸಿಹೋಗುತ್ತವೆ.

ಬಿರುಕು ತೂತಿನ ಬಳಿಯೇ ಏಕೆ ಹುಟ್ಟಬೇಕು? ದುಬಾರೆಯಲ್ಲಿ ಕಾವೇರಿ ಬಂಡೆಗಳ ನಡುವೆ ಹರಿಯುವುದನ್ನು ನೀವೆಲ್ಲ ನೋಡಿದ್ದೀರಿ. ಅಗಲವಾಗಿ ಬರುವ ನೀರು ಬಂಡೆಯ ಪಕ್ಕದಲ್ಲಿ ಒತ್ತೊತ್ತಾಗಿ ರಭಸದಿಂದ ನುಗ್ಗುತ್ತದೆ. ಲೋಹದೊಳಗಿನ ಎಳೆತವೂ ಹಾಗೆಯೇ ತೂತಿನ ಅಂಚಿನಲ್ಲಿ ಒತ್ತೊತ್ತಾಗುತ್ತದೆ. ಎಷ್ಟು ಎಂಬುದನ್ನು 1913ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಇಂಗ್ಲಿಸ್ ಲೆಕ್ಕ ಹಾಕಿ ತೋರಿಸಿದರು. ಅಗಲವಾದ ತಗಡಿನಲ್ಲಿ ದುಂಡನೆಯ ತೂತಿದ್ದರೆ ಅದರ ಅಂಚಿನಲ್ಲಿ ಎಳೆತ 3 ಪಟ್ಟು. ತೂತು ಎಳೆತಕ್ಕೆ ಅಡ್ಡವಾಗಿ ಉದ್ದುದ್ದಕ್ಕೆ ಇದ್ದು, ಉದ್ದ ಅಗಲದ 10 ಪಟ್ಟಿದ್ದರೆ ತುದಿಯಲ್ಲಿ 21 ಪಟ್ಟು. ತುದಿ ಚೂಪಾದಷ್ಟೂ ಈ ಸಂಖ್ಯೆ ಏರುತ್ತಲೇ ಹೋಗುತ್ತದೆ. ತೂತಿನ ಗಾತ್ರಕ್ಕಿಂತ ಅದರ ಮೂಲೆ ಎಷ್ಟು ಚೂಪು ಎಂಬುದು ಇಲ್ಲಿ ಮುಖ್ಯ. ಹಾರೆಯ ಹಿಡಿ ಕೂರಿಸುವ ಜಾಗವಿರಲಿ, ಶಾಫ್ಟಿನಲ್ಲಿ ಕೀ ಕೂರುವ ಕೊರಕಲಿರಲಿ, ಒಳಮೂಲೆಯನ್ನು ಸ್ವಲ್ಪ ದುಂಡಗೆ ಮಾಡಿಸಿದರೆ ಅದರ ಬಾಳಿಕೆ ಎಷ್ಟೋ ಹೆಚ್ಚುತ್ತದೆ.

ಇಂಗ್ಲಿಸ್ ಲೆಕ್ಕದಿಂದ ಒಂದು ತೊಡಕು ಎದ್ದಿತು. ನಿಜವಾದ ಬಿರುಕಿನ ತುದಿ ಅಣುವಿನಷ್ಟೇ ಸಣ್ಣದು. ಅಲ್ಲಿ ಎಳೆತ ಊಹಿಸಲಾಗದಷ್ಟು ಹೆಚ್ಚು. ಹಾಗಾದರೆ ಗೀರು ಬಿದ್ದ ಯಾವ ವಸ್ತುವೂ ಉಳಿಯಬಾರದಿತ್ತು. ಇದನ್ನು ಬಿಡಿಸಿದವರು ಫಾರ್ನ್‌ಬರೋ ವಿಮಾನ ಸಂಶೋಧನಾ ಕೇಂದ್ರದ ಎ. ಎ. ಗ್ರಿಫಿತ್. 1921ರಲ್ಲಿ ಪ್ರಕಟವಾದ ಅವರ ಕೆಲಸ ಗಾಜಿನ ಮೇಲೆ ಮಾಡಿದ್ದು. ಅವರು ಗಾಜನ್ನು ಕರಗಿಸಿ ಎಳೆಗಳಾಗಿ ಎಳೆದು ಒಂದೊಂದನ್ನೇ ಕಡಿಯುವವರೆಗೆ ಜಗ್ಗಿ ನೋಡಿದರು. 1 ಮಿ.ಮೀ. ದಪ್ಪದ ಎಳೆ ಸುಮಾರು 170 ಮೆಗಾಪಾಸ್ಕಲ್‌ಗೆ ಕಡಿಯಿತು (ಇಷ್ಟು ಜಾಗದ ಮೇಲೆ ಎಷ್ಟು ಎಳೆತ ಎಂಬುದರ ಅಳತೆ ಇದು). 3 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಮೂರು ಭಾಗದಷ್ಟು ತೆಳ್ಳಗಿನ ಎಳೆ ಸುಮಾರು 3400 ಮೆಗಾಪಾಸ್ಕಲ್ ತಾಳಿತು. ಅದೇ ಗಾಜು, ಇಪ್ಪತ್ತು ಪಟ್ಟು ಬಲ. ದಪ್ಪ ಗಾಜಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಮೊದಲೇ ಇರುತ್ತವೆ. ತೆಳ್ಳಗಿನ ಎಳೆಯಲ್ಲಿ ದೊಡ್ಡ ಬಿರುಕಿಗೆ ಜಾಗವೇ ಇಲ್ಲ.

ಬಿರುಕು ಮುಂದುವರಿಯಬೇಕಾದರೆ ಹೊಸ ಮೇಲ್ಮೈ ಹುಟ್ಟಬೇಕು, ಅದಕ್ಕೆ ಶಕ್ತಿ ಖರ್ಚಾಗುತ್ತದೆ. ಆ ಶಕ್ತಿ ಬರುವುದು ಎಳೆದು ನಿಂತ ವಸ್ತು ಸಡಿಲಗೊಳ್ಳುವುದರಿಂದ. ಬಿರುಕು ಉದ್ದವಾದಷ್ಟೂ ಸಿಗುವ ಶಕ್ತಿ ಖರ್ಚಿಗಿಂತ ವೇಗವಾಗಿ ಬೆಳೆಯುತ್ತದೆ. ಎರಡೂ ಸರಿಸಮವಾಗುವ ಉದ್ದವನ್ನು ದಾಟಿತೆಂದರೆ ಬಿರುಕು ತಾನೇ ತಾನಾಗಿ ಓಡುತ್ತದೆ. ಇದರಿಂದ ಬರುವ ನಿಯಮ ಸರಳ: ಬಿರುಕು 4 ಪಟ್ಟು ಉದ್ದವಾದರೆ ವಸ್ತುವಿನ ಬಲ ಅರ್ಧಕ್ಕಿಳಿಯುತ್ತದೆ. ಗಾಜಿನಲ್ಲಿ ಗ್ರಿಫಿತ್ ಲೆಕ್ಕ ಚೆನ್ನಾಗಿ ಕೂತಿತು. ಲೋಹದಲ್ಲಿ ಕೂರಲಿಲ್ಲ. ಲೋಹಗಳು ಅವರ ಲೆಕ್ಕಕ್ಕಿಂತ ಎಷ್ಟೋ ಹೆಚ್ಚು ತಾಳುತ್ತಿದ್ದವು. ಬಿರುಕಿನ ತುದಿಯಲ್ಲಿ ಲೋಹ ಬಾಗುತ್ತದೆ, ಹಿಗ್ಗುತ್ತದೆ, ಆ ಕೆಲಸಕ್ಕೇ ಬಹುಪಾಲು ಶಕ್ತಿ ವ್ಯಯವಾಗುತ್ತದೆ. 1950ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಜಾರ್ಜ್ ಇರ್ವಿನ್ ಇದನ್ನೂ ಸೇರಿಸಿಕೊಂಡು, ಬಿರುಕು ತಾಳುವ ಗುಣಕ್ಕೆ ಒಂದು ಅಳತೆ ಕೊಟ್ಟರು. ಆ ಅಳತೆಯಲ್ಲಿ ಗಾಜು 1ಕ್ಕಿಂತ ಕೆಳಗೆ. ತುಂಬ ಗಡಸಾಗಿಸಿದ ಉಕ್ಕು 20ರ ಆಸುಪಾಸು. ಚೆನ್ನಾಗಿ ಹದಗೊಂಡ ಉಕ್ಕು 60 ದಾಟುತ್ತದೆ. ಇಲ್ಲಿ ವರ್ಗದ ಲೆಕ್ಕ ಕೆಲಸ ಮಾಡುವುದರಿಂದ, ಈ ಗುಣ 3 ಪಟ್ಟಾದರೆ ಅದೇ ಭಾರಕ್ಕೆ 9 ಪಟ್ಟು ದೊಡ್ಡ ಬಿರುಕನ್ನು ವಸ್ತು ಸಹಿಸುತ್ತದೆ. ಕಾಲು ಮಿಲಿಮೀಟರಿನ ಬಿರುಕಿಗೆ ಸಿಡಿಯುವ ವಸ್ತುವಿಗೂ, ಎರಡು ಮಿಲಿಮೀಟರ್ ದಾಟಿದರೂ ನಿಲ್ಲುವ ವಸ್ತುವಿಗೂ ಇರುವ ಅಂತರ ಇದು. ಎರಡು ಮಿಲಿಮೀಟರಿನ ಬಿರುಕು ಕಣ್ಣಿಗೆ ಕಾಣುತ್ತದೆ, ವಸ್ತುವನ್ನು ಬದಲಿಸಲು ಸಮಯ ಸಿಗುತ್ತದೆ. ಕಾಲು ಮಿಲಿಮೀಟರಿನದು ಕಾಣುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ.

ಈ ವಿದ್ಯೆ ಬೆಳೆದದ್ದು ದುಬಾರಿ ಪಾಠಗಳಿಂದ. 1943ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಸ್ಕೆನೆಕ್ಟಡಿ ಎಂಬ ಹೊಸ ತೈಲ ಹಡಗು ಕಟ್ಟೆಗೆ ಕಟ್ಟಿದಂತೆಯೇ ನಿಂತಿದ್ದಾಗ ಬಹುತೇಕ ಎರಡು ತುಂಡಾಯಿತು. ಬಿರುಗಾಳಿಯಿಲ್ಲ, ಅಲೆಯಿಲ್ಲ. ವೆಲ್ಡಿಂಗೇ ಕಾರಣ ಎಂದು ಹಲವರು ಹೇಳಿದರು. ಕೇಂಬ್ರಿಜ್‌ನ ಕಾನ್‌ಸ್ಟನ್ಸ್ ಟಿಪ್ಪರ್ ಎಂಬ ಮಹಿಳಾ ವಿಜ್ಞಾನಿ ಯುದ್ಧಕಾಲದ ಇಂಥ ಹಡಗುಗಳ ಉಕ್ಕನ್ನು ಪರೀಕ್ಷಿಸಿ, ಚಳಿಯಲ್ಲಿ ಆ ಉಕ್ಕೇ ಪೆಡಸಾಗುತ್ತದೆ, ಅಂದರೆ ಬಾಗದೆ ಥಟ್ಟನೆ ಒಡೆಯುವಂತಾಗುತ್ತದೆ ಎಂದು ತೋರಿಸಿದರು. ರಿವೆಟ್ ಹೊಡೆದ ಹಳೆಯ ಹಡಗಿನಲ್ಲಿ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಲ್ಲುತ್ತಿತ್ತು. ವೆಲ್ಡಿಂಗಿನಿಂದ ಇಡೀ ಹಡಗು ಒಂದೇ ತಗಡಾಗಿತ್ತು, ನಿಲ್ಲಲು ಅಂಚೇ ಇರಲಿಲ್ಲ. 1954ರಲ್ಲಿ ಎರಡು ಕಾಮೆಟ್ ಜೆಟ್ ವಿಮಾನಗಳು ಮೆಡಿಟರೇನಿಯನ್ ಮೇಲೆ ಒಡೆದುಬಿದ್ದವು. ಒಂದು ಇಡೀ ಕಾಮೆಟನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೆ ಒತ್ತಡ ಏರಿಸಿ ಇಳಿಸಿ ನೋಡಿದಾಗ, ಕಿಟಕಿಯಂಥ ಕಿಂಡಿಯ ಮೂಲೆಯಲ್ಲಿ ಹುಟ್ಟಿದ ಬಿರುಕು ಗೋಡೆಯನ್ನು ಸೀಳಿತು. ಮೂಲೆ, ಮತ್ತೆ ಮತ್ತೆ ಬರುವ ಭಾರ, ಬಿರುಕು. ನಮ್ಮ ಪ್ಲೇಟಿನ ಕತೆಯೇ.

ಈಗ ಕುಲುಮೆಗೆ ಬರೋಣ. ನನಗೆ ಅತ್ಯಂತ ಪ್ರಿಯವಾದ ಭಾಗ ಇದು.

ಪ್ಲೇಟಿನ ಉಕ್ಕಿನಲ್ಲಿ ಶೇ. 0.5ರಿಂದ 0.6ರಷ್ಟು ಇಂಗಾಲವಿದೆ, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ. ಇದನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಕಬ್ಬಿಣದ ಅಣುಗಳು ಬೇರೆ ಜೋಡಣೆಗೆ ಹೊರಳುತ್ತವೆ. ಆ ಜೋಡಣೆಯಲ್ಲಿ ಇಂಗಾಲಕ್ಕೆ ಜಾಗ ಸಿಕ್ಕಿ ಅದು ಕರಗಿ ಕೂರುತ್ತದೆ. ಬೂದಿಯಲ್ಲಿ ಹೂತು ನಿಧಾನ ತಣಿಸಿದರೆ ಇಂಗಾಲ ಹೊರಬಂದು ಪದರ ಪದರವಾಗಿ ಬೇರೆಯಾಗುತ್ತದೆ, ಉಕ್ಕು ಮೆತ್ತಗಾಗುತ್ತದೆ, ಅರ ಹಿಡಿದು ಉಜ್ಜಬಹುದು. ಥಟ್ಟನೆ ಎಣ್ಣೆಗೆ ಅದ್ದಿದರೆ ಇಂಗಾಲಕ್ಕೆ ಹೊರಬರಲು ಸಮಯವಿಲ್ಲ. ಅಣುಗಳು ಹಳೆಯ ಜೋಡಣೆಗೆ ಮರಳಲು ಹೋಗಿ, ಒಳಗೆ ಸಿಕ್ಕಿಬಿದ್ದ ಇಂಗಾಲದಿಂದ ಅರ್ಧಕ್ಕೇ ತಿರುಚಿ ನಿಲ್ಲುತ್ತವೆ. ಈ ಸ್ಥಿತಿಗೆ ಮಾರ್ಟೆನ್ಸೈಟ್ ಎಂದು ಹೆಸರು, ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಅವರ ನೆನಪಿಗೆ. ಇದರ ಮೇಲೆ ಅರ ಜಾರುತ್ತದೆ, ಹಿಡಿಯುವುದಿಲ್ಲ. ಅಷ್ಟು ಗಡಸು. ಮತ್ತು ಅಷ್ಟೇ ಪೆಡಸು: ಕಲ್ಲಿನ ಮೇಲೆ ಬಿದ್ದರೆ ತುಂಡಾಗಬಹುದು.

ಆದ್ದರಿಂದ ನಿಜವಾದ ಕೆಲಸ ಅದ್ದಿದ ಮೇಲೆ ಶುರುವಾಗುತ್ತದೆ. ಗಡಸಾದ ಉಕ್ಕನ್ನು ಮತ್ತೆ ಮೆಲ್ಲಗೆ ಕಾಯಿಸಬೇಕು. ಕೊಡಗಿನಲ್ಲಿ ಐರಿ ಸಮುದಾಯದ ಹಿರಿಯರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸವಿದು. ಕಮ್ಮಾರ ಕತ್ತಿಯ ಬಾಯಿಯನ್ನಷ್ಟೇ ಅದ್ದುತ್ತಾನೆ, ಬೆನ್ನು ಇನ್ನೂ ಬಿಸಿಯಾಗಿಯೇ ಇರುತ್ತದೆ. ಹೊರತೆಗೆದ ಕೂಡಲೇ ಬಾಯಿಯನ್ನು ಒಂದು ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡುತ್ತಾನೆ. ಆಮೇಲೆ ಕಣ್ಣು ಕದಲಿಸುವುದಿಲ್ಲ. ಬೆನ್ನಿನಿಂದ ಬಿಸಿ ಬಾಯಿಯ ಕಡೆಗೆ ಹರಿಯತೊಡಗುತ್ತದೆ. ಬೆಳ್ಳಗಿನ ಉಕ್ಕಿನ ಮೇಲೆ ಮೊದಲು ತಿಳಿ ಹಳದಿ ಬರುತ್ತದೆ, ಅದು ಸುಮಾರು 220 ಡಿಗ್ರಿ. ಹಳದಿ ಗಾಢವಾಗಿ ಕಂದಾಗುವಾಗ 260ರ ಸುಮಾರು. ಬೆನ್ನಿನ ಕಡೆಯಿಂದ ನೇರಳೆ, ಅದರ ಹಿಂದೆಯೇ 300ರ ನೀಲಿ. ಗಾಢ ಹಳದಿ ಬಾಯಿಯ ಅಂಚನ್ನು ಮುಟ್ಟಿದ ಗಳಿಗೆಗೆ ಇಡೀ ಕತ್ತಿಯನ್ನು ಅದ್ದಿ ನಿಲ್ಲಿಸುತ್ತಾನೆ. ಕೆಲವೇ ಸೆಕೆಂಡು ತಡವಾದರೆ ಅಂಚು ನೀಲಿಗೆ ತಿರುಗಿ ಬೇಕಾದದ್ದಕ್ಕಿಂತ ಮೆತ್ತಗಾಗುತ್ತದೆ. ಆ ಬಣ್ಣ ಉಕ್ಕಿನ ಮೇಲೆ ಬೆಳೆಯುವ ಆಕ್ಸೈಡಿನ ಪೊರೆಯಿಂದ ಬರುವುದು. ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗಕ್ಕಿಂತಲೂ ತೆಳ್ಳಗಿನ ಆ ಪೊರೆ ದಪ್ಪವಾಗುತ್ತ ಹೋದಂತೆ ಬೆಳಕಿನ ಬೇರೆ ಬೇರೆ ಬಣ್ಣಗಳು ಅದರಲ್ಲಿ ಅಳಿಸಿಹೋಗುತ್ತವೆ. ಥರ್ಮಾಮೀಟರ್ ಇಲ್ಲದೆ ಇಪ್ಪತ್ತು ಡಿಗ್ರಿಯ ವ್ಯತ್ಯಾಸವನ್ನು ಕಣ್ಣಲ್ಲೇ ಅಳೆಯುವ ಈ ಕಸುಬಿಗೆ ಎಂಜಿನಿಯರಿಂಗ್ ಕಾಲೇಜುಗಳು ಸಲ್ಲಿಸಬೇಕಾದ ಗೌರವ ಇನ್ನೂ ಬಾಕಿ ಇದೆ.

ಪರಿಣಾಮ ನೋಡಿ. ಬಾಯಿ ಗಡಸು, ಬೆನ್ನು ಮಿದು. ಬಾಯಿಯಲ್ಲಿ ಬಿರುಕೆದ್ದರೂ ಬೆನ್ನು ಅದನ್ನು ತಡೆದು ನಿಲ್ಲಿಸುತ್ತದೆ. ಕೊಡವರ ಮದುವೆಯಲ್ಲಿ ಬಾಳೆ ಕಡಿಯಲು ಎತ್ತುವ ಒಡಿಕತ್ತಿಯಂಥ ಅಗಲ ಅಲಗಿಗೆ ಬೇಕಾದ ಗುಣ ಇದೇ. ಅದೇ ಉಕ್ಕನ್ನು ಪ್ಲೇಟಾಗಿಸುವ ಕಾರ್ಖಾನೆಯಲ್ಲಿ ಎಣ್ಣೆಗೆ ಅದ್ದಿದ ಮೇಲೆ 450ರಿಂದ 500 ಡಿಗ್ರಿವರೆಗೆ ಮರಳಿ ಕಾಯಿಸುತ್ತಾರೆ. ಗಡಸುತನ ಸಾಕಷ್ಟು ಇಳಿಯುತ್ತದೆ, ತಾಳುವ ಗುಣ ಅದಕ್ಕಿಂತ ಹೆಚ್ಚು ಏರುತ್ತದೆ.

ಕುಲುಮೆಯ ಹುಡುಗರಿಗೆ ಎರಡು ಮಾತು. ಪ್ಲೇಟಿನ ಉಕ್ಕನ್ನು ತಣ್ಣೀರಿಗೆ ಅದ್ದಬೇಡಿ. ಎಣ್ಣೆಯಲ್ಲೇ ಗಡಸಾಗುವಂತೆ ಮಾಡಿದ ಉಕ್ಕು ಅದು. ನೀರಿನಲ್ಲಿ ಹೊರಮೈ ಒಳಮೈಗಿಂತ ತೀರ ಮುಂಚೆ ತಣಿದು ಟಣ್ ಎಂದು ಸೀಳುತ್ತದೆ. ಸದ್ದು ಕೇಳದಿದ್ದರೂ ಕೂದಲೆಳೆಯ ಬಿರುಕು ಉಳಿದಿರಬಹುದು. ಎರಡನೆಯದು, ಬೆಳ್ಳಗಾಗುವಷ್ಟು ಕಾಯಿಸಬೇಡಿ. ಅತಿಯಾಗಿ ಕಾದ ಉಕ್ಕಿನಲ್ಲಿ ಹರಳುಗಳು ದೊಡ್ಡದಾಗುತ್ತವೆ, ಬಿರುಕಿಗೆ ದಾರಿ ಸಲೀಸಾಗುತ್ತದೆ. ಹರಳು ಸಣ್ಣದಾಗಿದ್ದರೆ ಬಲವೂ ಹೆಚ್ಚು, ತಾಳಿಕೆಯೂ ಹೆಚ್ಚು. ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕಾದ ಈ ವ್ಯವಹಾರದಲ್ಲಿ ಎರಡನ್ನೂ ಕೊಡುವ ಅಪರೂಪದ ದಾರಿ ಇದು. ಕಾದ ಕಬ್ಬಿಣ ಸುಮಾರು 770 ಡಿಗ್ರಿಗೆ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಕುಲುಮೆಯ ಪಕ್ಕ ಒಂದು ಹಳೆಯ ಸ್ಪೀಕರಿನ ಅಯಸ್ಕಾಂತ ತೂಗುಹಾಕಿ. ಕತ್ತಿ ಅಂಟದಾದ ಮೇಲೆ ತುಸುವೇ ಕಾಯಿಸಿ ಅದ್ದಿ. ಮೋಡ ಮುಸುಕಿದ ದಿನ ಒಂದು ಕೆಂಪು, ಬಿಸಿಲಲ್ಲಿ ಇನ್ನೊಂದು ಕೆಂಪು ಎಂಬ ಗೊಂದಲ ಇರುವುದಿಲ್ಲ.

ದಕ್ಷಿಣ ಭಾರತಕ್ಕೆ ಈ ವಿದ್ಯೆ ಹೊಸದಲ್ಲ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಮಣ್ಣಿನ ಮೂಸೆಗಳಲ್ಲಿ ಉಕ್ಕು ಮಾಡುವುದನ್ನು ಕಂಡು ಬರೆದಿಟ್ಟಿದ್ದಾರೆ. ಶೇ. 1.5ರ ಸುಮಾರು ಇಂಗಾಲವಿದ್ದ ಆ ಉಕ್ಕನ್ನು ಮೈಕೆಲ್ ಫ್ಯಾರಡೆ ಕೂಡ ಲಂಡನ್ನಿನಲ್ಲಿ ಪರೀಕ್ಷಿಸಿದ್ದರು. ಯುರೋಪಿನ ಕಮ್ಮಾರರು ತಮ್ಮ ಅಭ್ಯಾಸದಂತೆ ಹೆಚ್ಚು ಕಾಯಿಸಿ ಬಡಿದರೆ ಅದು ಪುಡಿಯಾಗುತ್ತಿತ್ತು. ಕಡಿಮೆ ಬಿಸಿಯಲ್ಲಿ ತಾಳ್ಮೆಯಿಂದ ಬಡಿಯುವವರ ಕೈಯಲ್ಲಿ ಮಾತ್ರ ಅದು ಒಳ್ಳೆಯ ಅಲಗಾಗುತ್ತಿತ್ತು.

ಇಡೀ ವಸ್ತುವಿಗೆ ಹದ ಕೊಡುವುದು ಒಂದು ಬಗೆ. ಮೇಲ್ಮೈಯನ್ನಷ್ಟೇ ಬದಲಿಸುವುದು ಇನ್ನೊಂದು. ಬಿರುಕು ಹೆಚ್ಚಾಗಿ ಮೇಲ್ಮೈಯಲ್ಲಿ ಹುಟ್ಟುತ್ತದೆ, ಎಳೆತವಿದ್ದರೆ ಮಾತ್ರ ಬಾಯ್ತೆರೆಯುತ್ತದೆ. ಹಾಗಾದರೆ ಮೇಲ್ಮೈಯನ್ನು ಮೊದಲೇ ಒತ್ತಿ ಇಟ್ಟುಬಿಟ್ಟರೆ? ಹೋಂಸ್ಟೇಗಳ ಬಾಲ್ಕನಿಗೆ ಹಾಕುವ ಟಫನ್ಡ್ ಗಾಜಿನಲ್ಲಿ ಮಾಡಿರುವುದು ಇದನ್ನೇ. ಗಾಜನ್ನು 600 ಡಿಗ್ರಿ ದಾಟಿಸಿ ಎರಡೂ ಬದಿಗೆ ಗಾಳಿ ಊದುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಆಮೇಲೆ ಒಳಗಿನದು ತಣಿದು ಕುಗ್ಗುವಾಗ ಹೊರಮೈಯನ್ನು ಒತ್ತಿ ಹಿಡಿಯುತ್ತದೆ. ಬಾಗಿಸುವ ಬಲ ಮೊದಲು ಈ ಒತ್ತನ್ನು ಕಳೆಯಬೇಕು, ಆಮೇಲಷ್ಟೇ ಬಿರುಕು ತೆರೆದುಕೊಳ್ಳುತ್ತದೆ. ಗಾಜಿನ ಸ್ವಭಾವ ಬದಲಾಗಿಲ್ಲ, ಅದರೊಳಗಿನ ಸೆಣಸಾಟ ಬದಲಾಗಿದೆ. ಒಳಗಿನ ಎಳೆತವನ್ನು ಮುಟ್ಟುವಷ್ಟು ಆಳಕ್ಕೆ ಏಟು ಬಿದ್ದರೆ, ಕೂಡಿಟ್ಟ ಶಕ್ತಿಯೆಲ್ಲ ಬಿಡುಗಡೆಯಾಗಿ ಇಡೀ ಹಾಳೆ ಸಣ್ಣ ಚೂರುಗಳಾಗುತ್ತದೆ. ಅಂಥ ಗಾಜನ್ನು ಕೊಯ್ಯುವುದಾಗಲಿ ತೂತು ಹೊಡೆಯುವುದಾಗಲಿ ಆಗದು; ಎಲ್ಲವನ್ನೂ ಮೊದಲೇ ಮಾಡಿಸಿರಬೇಕು. ಅದರ ಅಂಚುಗಳೇ ನಾಜೂಕು. ಕಾಲಿಡುವ ಕಡೆ, ಕೆಳಗೆ ಪ್ರಪಾತವಿರುವ ಕಡೆ ಒಂದೇ ಹಾಳೆಯನ್ನು ನಂಬಬಾರದು. ನಡುವೆ ಪ್ಲಾಸ್ಟಿಕ್ ಪದರವಿಟ್ಟು ಅಂಟಿಸಿದ ಹಲವು ಹಾಳೆಗಳಿರಬೇಕು.

ಪ್ಲೇಟಿಗೂ ಇದೇ ಉಪಾಯ ಮಾಡಿರುತ್ತಾರೆ. ಎಳೆತ ಬೀಳುವ ಬದಿಗೆ ಸಣ್ಣ ಉಕ್ಕಿನ ಗುಂಡುಗಳನ್ನು ರಭಸದಿಂದ ಸಿಡಿಸಿ ಮೇಲ್ಮೈಯನ್ನು ತಟ್ಟಿ ಒತ್ತಿರುತ್ತಾರೆ. ಗೇರ್ ಬಾಕ್ಸಿನ ಹಲ್ಲುಗಳದು ಬೇರೆ ದಾರಿ: 900 ಡಿಗ್ರಿ ಮೀರಿದ ಬಿಸಿಯಲ್ಲಿ ಗಂಟೆಗಟ್ಟಲೆ ಇಂಗಾಲ ಉಣಿಸಿ, ಮಿಲಿಮೀಟರಿನಷ್ಟು ಹೊರಪದರವನ್ನು ಮಾತ್ರ ಗಡಸಾಗಿಸುತ್ತಾರೆ.

ಮರದ ಬಗ್ಗೆ ಸ್ವಲ್ಪ. ಕೊಡವ ಕುಟುಂಬಗಳ ಮೂಲಮನೆಯಾದ ಐನ್‌ಮನೆಯ ಕಂಬಗಳಲ್ಲಿ ಮೇಲಿನಿಂದ ಕೆಳಗೆ ಸೀಳು ಬಿಟ್ಟಿರುವುದನ್ನು ತೋರಿಸಿ, ಇದನ್ನು ಬದಲಿಸಬೇಕೇ ಎಂದು ಕೇಳುವವರಿದ್ದಾರೆ. ಭಾರ ಬೀಳುವುದು ಸೀಳಿನ ಉದ್ದಕ್ಕೆ. ಅಂಥ ಭಾರ ಸೀಳನ್ನು ತೆರೆಯುವುದಿಲ್ಲ. ಒಣಗುವಾಗ ಮರ ಸುತ್ತಳತೆಯ ದಿಕ್ಕಿನಲ್ಲಿ ತಿರುಳಿನ ದಿಕ್ಕಿಗಿಂತ ಸುಮಾರು ಎರಡು ಪಟ್ಟು ಕುಗ್ಗುವುದರಿಂದ ಬಂದ ಸೀಳುಗಳವು. ಅವುಗಳಿಗಿಂತ ಕಂಬದ ಬುಡದಲ್ಲಿ ನೀರು ನಿಲ್ಲುತ್ತಿದೆಯೇ, ಗೆದ್ದಲು ಹತ್ತಿದೆಯೇ ನೋಡಿ. ತೊಲೆಯ ಮಾತು ಬೇರೆ: ತೊಲೆಯ ಕೆಳಮೈಯಲ್ಲಿ ಎಳೆಗಳನ್ನು ಅಡ್ಡ ಕಡಿದ ಬಿರುಕು ಕಂಡರೆ ಅದೇ ದಿನ ಆಸರೆ ಕೊಡಿ. ಹೊಸದಾಗಿ ಕೊಯ್ಸಿದ ದಿಮ್ಮಿಯ ಎರಡು ತುದಿಗೂ ಮೇಣವನ್ನೋ ಪೇಂಟನ್ನೋ ಬಳಿದರೆ ತುದಿ ಸೀಳುವುದು ಬಹಳ ಕಡಿಮೆಯಾಗುತ್ತದೆ. ತೇವ ಶೇ. 30ರ ಆಸುಪಾಸಿಗಿಂತ ಕೆಳಗೆ ಇಳಿದಂತೆಲ್ಲ ಮರದ ಬಲ ಏರುತ್ತದೆ. ಒಣಗಿಸುವುದೂ ಒಂದು ಹದವೇ.

ಈಗ ನನಗೆ ನಿಜವಾಗಿ ಆತಂಕ ತರುವ ವಿಷಯ. ಗಡಸಾಗಿಸಿದ ವಸ್ತುಗಳಿಗೆ ನಾವು ಯೋಚಿಸದೆ ವೆಲ್ಡಿಂಗ್ ಹೊಡೆಸುತ್ತೇವೆ. ಮುರಿದ ಪ್ಲೇಟು, ಸರಪಳಿಯ ಕೊಕ್ಕೆ, ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡು. ವೆಲ್ಡಿಂಗಿನ ಪಕ್ಕದ ಪಟ್ಟಿ ಕ್ಷಣಮಾತ್ರದಲ್ಲಿ 800 ಡಿಗ್ರಿ ದಾಟಿ, ಅಕ್ಕಪಕ್ಕದ ತಣ್ಣನೆಯ ಲೋಹದಿಂದಾಗಿ ಅಷ್ಟೇ ಬೇಗ ತಣಿಯುತ್ತದೆ. ಎಣ್ಣೆಗೆ ಅದ್ದಿದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಅಲ್ಲಿ ಹದ ಕಾಣದ, ಗಾಜಿನ ಸ್ವಭಾವದ ಒಂದು ಗೆರೆ ಹುಟ್ಟುತ್ತದೆ. ಅದರಾಚೆಯ ಪಟ್ಟಿ ಅತಿಯಾಗಿ ಮೆತ್ತಗಾಗಿರುತ್ತದೆ. ಕೊಡಗಿನ ಮಳೆಗಾಲ ಇದಕ್ಕೆ ಇನ್ನೊಂದನ್ನು ಸೇರಿಸುತ್ತದೆ. ವೆಲ್ಡಿಂಗ್ ರಾಡಿನ ಲೇಪ ತೇವ ಎಳೆದುಕೊಂಡಿದ್ದರೆ ಆ ನೀರಿನ ಹೈಡ್ರೋಜನ್ ಬಿಸಿ ಲೋಹದೊಳಗೆ ಸೇರುತ್ತದೆ. ಗಡಸಾದ ಗೆರೆಗೆ ಸರಿದು, ಗಂಟೆಗಳು ಅಥವಾ ಒಂದೆರಡು ದಿನಗಳ ನಂತರ, ಯಾರೂ ಮುಟ್ಟದಿದ್ದರೂ ಬಿರುಕು ಹುಟ್ಟಿಸುತ್ತದೆ. ಸಂಜೆ ಚೆನ್ನಾಗಿದ್ದ ಬೆಸುಗೆ ಮಾರನೆಯ ದಿನ ಸೀಳಿರುವುದು ಹೀಗೆ. ರಾಡುಗಳನ್ನು ಒಣಗಿಸಿ ಬಳಸಿ. ಇಂಗಾಲ ಹೆಚ್ಚಿರುವ ಉಕ್ಕಾದರೆ ವೆಲ್ಡಿಂಗಿಗೆ ಮುಂಚೆಯೂ ಆಮೇಲೂ ಕಾಯಿಸಿ ನಿಧಾನ ತಣಿಸಬೇಕು.

ಹುಲ್ಲಿನ ಯಂತ್ರದ ಬ್ಲೇಡಿಗೆ ಮಾತ್ರ ಯಾವ ರಾಜಿಯೂ ಬೇಡ. 255 ಮಿ.ಮೀ. ವ್ಯಾಸದ ಬ್ಲೇಡು ನಿಮಿಷಕ್ಕೆ 7500 ಸುತ್ತು ತಿರುಗಿದರೆ ಅದರ ತುದಿಯ ವೇಗ ಸೆಕೆಂಡಿಗೆ 100 ಮೀಟರ್, ಅಂದರೆ ಗಂಟೆಗೆ 360 ಕಿ.ಮೀ. ಆ ವೇಗದಲ್ಲಿ ಹಾರಿದ ಚೂರಿಗೆ ಯಾವ ಗಮ್‌ಬೂಟೂ ಅಡ್ಡ ನಿಲ್ಲುವುದಿಲ್ಲ. ಬ್ಲೇಡಿನಲ್ಲಿ ಬಿರುಕು ಕಂಡರೆ ಬೆಸೆಯಬೇಡಿ, ಬಿಸಾಡಿ. ಯಂತ್ರ ಹಿಡಿಯುವವರು ದಿನಗೂಲಿಯ ಕೆಲಸಗಾರರು, ಬ್ಲೇಡು ಕೊಳ್ಳುವವರು ನಾವು. ಆ ಜವಾಬ್ದಾರಿ ನಮ್ಮದೇ.

ಬಿರುಕು ಹುಡುಕಲು ದುಬಾರಿ ಸಾಧನ ಬೇಕಿಲ್ಲ. ಹಳೆಯ ರೈಲ್ವೆ ವರ್ಕ್‌ಶಾಪುಗಳ ಕ್ರಮವನ್ನು ಇಲ್ಲೇ ಮಾಡಿ ತೋರಿಸುತ್ತೇನೆ. ಈ ಇನ್ನೊಂದು ಪ್ಲೇಟಿನ ಜಿಡ್ಡು ತೆಗೆದು ಸೀಮೆಎಣ್ಣೆ ಹಚ್ಚಿ ಹದಿನೈದು ನಿಮಿಷ ಬಿಟ್ಟಿದ್ದೆ. ಈಗ ಬಟ್ಟೆಯಿಂದ ಪೂರ್ತಿ ಒರೆಸಿದ್ದೇನೆ. ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದ್ದೇನೆ. ನೋಡಿ, ತೂತಿನ ಅಂಚಿನಿಂದ ಉಗುರಿನಷ್ಟು ಉದ್ದದ ಒಂದು ಕಪ್ಪು ಗೆರೆ ಪುಡಿಯ ಮೇಲೆ ಮೂಡುತ್ತಿದೆ. ಬಿರುಕಿನೊಳಗೆ ಉಳಿದಿದ್ದ ಎಣ್ಣೆ ಪುಡಿಗೆ ಜಿನುಗುತ್ತಿದೆ. ಬರಿಗಣ್ಣಿಗೆ ಈ ಪ್ಲೇಟು ಹೊಸದರಂತಿತ್ತು. ಕೈಲ್ ಪೊಳ್ದ್ ಹಬ್ಬಕ್ಕೆ, ಆಯುಧ ಪೂಜೆಗೆ ಹೇಗೂ ಎಲ್ಲ ಸಲಕರಣೆಗಳನ್ನು ಹೊರತೆಗೆದು ಒರೆಸುತ್ತೀರಿ. ಆಗ ಕೊಕ್ಕೆ, ಕೊಡಲಿ, ಬ್ಲೇಡುಗಳಿಗೆ ಇದನ್ನೊಮ್ಮೆ ಮಾಡಿ. ಅಜ್ಜನ ಕಾಲದ ಕೋವಿಯ ನಳಿಗೆಯ ಮೇಲೆ ಸುರುಳಿ ಸುರುಳಿಯಾದ ನಕ್ಷೆ ಕಂಡರೆ, ಅದು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದದ್ದಾಗಿರಬಹುದು. ಅದನ್ನು ಮಾಡಿದ್ದು ಕರಿಮದ್ದಿನ ಕಾಲಕ್ಕೆ. ಅದಕ್ಕೆ ಈಗಿನ ತೋಟಾ ತುಂಬಬೇಡಿ. ಪೂಜೆಗೆ ಇಡಿ, ತೋಕ್ ಪೂ ಎಂಬ ಹೂ ಮುಡಿಸಿ, ಗುಂಡು ಹಾರಿಸುವುದಕ್ಕೆ ಬೇರೆಯದಿರಲಿ.

ಪ್ರಶ್ನೆಗಳು

ಒಬ್ಬ ಅಕ್ಕ ಕೇಳಿದರು: ಗ್ರೈಂಡರಿಗೆ ಹಿಡಿಸಿ ತಂದ ಕತ್ತಿಯ ಬಾಯಿ ನೀಲಿಯಾಗಿತ್ತು, ಎರಡೇ ದಿನಕ್ಕೆ ಮೊಂಡಾಯಿತು, ಉಕ್ಕು ಕಳಪೆಯೇ?

ಉಕ್ಕು ಚೆನ್ನಾಗಿಯೇ ಇದೆ, ಅಕ್ಕ. ಗ್ರೈಂಡರಿನ ಬಿಸಿಗೆ ಅಂಚು 300 ಡಿಗ್ರಿ ಮುಟ್ಟಿ ಹದ ಇಳಿದಿದೆ. ನೀಲಿ ಪೂರ್ತಿ ಹೋಗಿ ಅದರಾಚೆಗೂ ತುಸು ಸವೆಯುವವರೆಗೆ ನೀರು ಹಾಕಿಕೊಂಡು ಸಾಣೆಕಲ್ಲಿನಲ್ಲಿ ಹಿಡಿಸಿ. ಒಳಗಿನ ಗಡಸು ಉಕ್ಕು ಸಿಗುತ್ತದೆ.

ಮೆಣಸು ಕೊಯ್ಯುವ ಏಣಿಯ ಬಗ್ಗೆ ಒಬ್ಬ ಬೆಳೆಗಾರರು ಕೇಳಿದರು: ಬಿದಿರೋ ಅಲ್ಯೂಮಿನಿಯಮ್ಮೋ?

ಮೊದಲ ಮಾತು, ಕರೆಂಟ್ ತಂತಿ ಹಾದುಹೋಗುವ ತೋಟದಲ್ಲಿ ಅಲ್ಯೂಮಿನಿಯಂ ಏಣಿ ಬೇಡವೇ ಬೇಡ. ಬೇರೆಡೆ ಬಳಸುವುದಾದರೆ ಒಂದು ವಿಷಯ ತಿಳಿದಿರಲಿ. ಉಕ್ಕಿಗೆ ಒಂದು ಮಿತಿಯಿದೆ. ಅದಕ್ಕಿಂತ ಕಡಿಮೆ ಭಾರವನ್ನು ಎಷ್ಟು ಸಲ ಹಾಕಿದರೂ ಅದು ದಣಿಯುವುದಿಲ್ಲ. ಅಲ್ಯೂಮಿನಿಯಮ್ಮಿಗೆ ಅಂಥ ಮಿತಿ ಇಲ್ಲ. ಸಣ್ಣ ಭಾರವೂ ಸಾಕಷ್ಟು ಸಲ ಬಂದರೆ ಬಿರುಕು ಬಿಡಿಸುತ್ತದೆ. ಮೆಟ್ಟಿಲು ಕೂಡುವ ಜಾಗಗಳನ್ನು ಪ್ರತಿ ಕೊಯ್ಲಿಗೂ ಮುಂಚೆ ಸೀಮೆಎಣ್ಣೆ, ಸೀಮೆಸುಣ್ಣದಲ್ಲಿ ನೋಡಿ. ಬಿದಿರು ಉದ್ದಕ್ಕೆ ಬಲವಾಗಿದ್ದರೂ ಅಡ್ಡಕ್ಕೆ ಎಳೆತ ಬಿದ್ದರೆ ಸುಲಭವಾಗಿ ಸೀಳುತ್ತದೆ. ಗೆಣ್ಣಿನ ಹತ್ತಿರವೇ ತೂತು ಕೊರೆಯಿಸಿ, ತೂತಿನ ಎರಡು ಬದಿಗೂ ತಂತಿ ಸುತ್ತಿ ಬಿಗಿಸಿ.

ಕೊನೆಗೆ ಒಬ್ಬ ಜೀಪ್ ಚಾಲಕ: ಸಾರ್, ಒಂದು ಪ್ಲೇಟು ಕಟ್ಟಾದರೆ ಉಳಿದವುಗಳ ಮೇಲೆ ಸೀಸನ್ ಮುಗಿಯುವ ತನಕ ಓಡಿಸಬಹುದಾ?

ಬೇಡಪ್ಪ. ಕಟ್ಟಾದ ಪ್ಲೇಟಿನ ಪಾಲು ಉಳಿದವುಗಳ ಮೇಲೆ ಬೀಳುತ್ತದೆ, ಅದರಲ್ಲೂ ತುಂಡಾದ ಜಾಗದ ನೇರಕ್ಕೆ. ಬಿರುಕು ಬೆಳೆಯುವ ವೇಗ ಭಾರಕ್ಕೆ ತಕ್ಕಷ್ಟೇ ಏರುವುದಿಲ್ಲ, ಅದಕ್ಕಿಂತ ಬಹಳ ಜಾಸ್ತಿ ಏರುತ್ತದೆ. ಮೈನ್ ಪ್ಲೇಟು ಹೋದರೆ ಆಕ್ಸಲ್ ಜಾಗ ಬಿಟ್ಟು ಸರಿಯುತ್ತದೆ, ಇಳಿಜಾರಿನಲ್ಲಿ ಸ್ಟಿಯರಿಂಗ್ ನಿನ್ನ ಕೈಯಲ್ಲಿರುವುದಿಲ್ಲ. ಹೊಸ ಪ್ಲೇಟು ಹಾಕಿಸು. ಯು ಬೋಲ್ಟನ್ನು ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸು, ಹೊಸ ಪ್ಲೇಟುಗಳು ಕೂತುಕೊಂಡಾಗ ಅದು ಸಡಿಲವಾಗುತ್ತದೆ. ತೆಗೆದ ಹಳೆಯದನ್ನು ಕುಲುಮೆಗೆ ಕೊಡುವಾಗ ಬಿರುಕು ಬಿಟ್ಟ ನಡುಭಾಗವನ್ನು ಕಡಿದು ಹಾಕಲು ಹೇಳು. ಕತ್ತಿಗೆ ತುದಿಯ ಕಡೆಯ ತುಂಡು ಸಾಕು.